‘ಜಿನ್’ ಶಬ್ದದ ಅರ್ಥ ಮತ್ತು ಮೂಲ

ಆದವಾನಿಯಲ್ಲಿ ‘ಜಿನ್’ ಎಂಬ ಮಾತನ್ನು ಇಂಗ್ಲಿಷ್ ಓದದವರೂ ಬಲ್ಲರು. ಹತ್ತಿಯ ಕಾಲದಲ್ಲಿ ಹಾಜರಿ ಕರೆಯುವಾಗ ‘ಅವ್ವನ ಸಂಗಡ ಜಿನ್ನಿಗೆ ಹೋಗ್ಯಾಳೆ ಸಾರ್’ ಎಂಬ ಉತ್ತರ ಬರುವುದುಂಟು. ಯಂತ್ರದ ಹೆಸರು ಕಾರ್ಖಾನೆಗೇ ಅಂಟಿಕೊಂಡಿದೆ. ಅಮೆರಿಕದ ಹತ್ತಿಯ ನಾಡಿನಲ್ಲಿಯೂ ಇದೇ ರೂಢಿ. ಇಷ್ಟು ಬಳಕೆಯ ಶಬ್ದಕ್ಕೆ ಉಪಾಧ್ಯಾಯರಾದ ನಾವು ಹೇಳಿಕೊಡುವ ಅರ್ಥ ಸರಿಯಾಗಿದೆಯೇ ಎಂಬುದು ವಿಚಾರಣೀಯ.

ನಾನೇ ಬಹುಕಾಲ ‘ಹತ್ತಿ ಹಿಂಜುವ ಯಂತ್ರ’ ಎಂದು ಬರೆಯಿಸುತ್ತಿದ್ದೆ. ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಸಾರ್, ಹಿಂಜೋದು ಬ್ಯಾರೆ. ಜಿನ್ನಿನಾಗೆ ಬೀಜ ತೆಗೀತಾರೆ’ ಎಂದ. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅವನು ನನ್ನಿಂದಲೇ ಅಂಕ ಕಳೆದುಕೊಂಡಿದ್ದ. ಹುಡುಗನ ಮಾತೇ ನಿಜ. ಹೊಲದಿಂದ ಬಂದ ಹತ್ತಿಯಲ್ಲಿ ಬೀಜವನ್ನೂ ಅರಳೆಯನ್ನೂ ಬೇರೆ ಮಾಡುವುದು ಜಿನ್ನಿನ ಕೆಲಸ. ಬೀಜ ಹೋದ ಅರಳೆಯನ್ನು ಬಿಡಿಬಿಡಿಯಾಗಿ ಸಡಿಲಿಸುವುದು ಹಿಂಜುವಿಕೆ. ಅದು ಪಿಂಜಾರರ ಬಿಲ್ಲಿನ ಕೆಲಸ. ಎರಡನ್ನೂ ಒಂದು ಮಾಡುವ ಅರ್ಥಕೋಶವು ಕೈಕಸುಬಿನವರ ಕನ್ನಡವನ್ನು ಕೇಳಿಲ್ಲವೆಂದೇ ಹೇಳಬೇಕು.

ಇನ್ನು ಮೂಲ. ನಮ್ಮಲ್ಲಿ ತೆಲುಗಿನ ‘ಗಿಂಜ’ದಿಂದ, ಎಂದರೆ ಬೀಜದಿಂದ, ಈ ಶಬ್ದ ಹುಟ್ಟಿತೆಂದು ಊಹಿಸುವವರಿದ್ದಾರೆ. ಗಿಂಜ ತೆಗೆಯುವುದು ಜಿನ್ನು! ಕೇಳಲು ಇಂಪು, ಆದರೆ ಆಧಾರವಿಲ್ಲ. ಲ್ಯಾಟಿನ್ ‘ಇಂಗೇನಿಯುಂ’ ಎಂದರೆ ಹುಟ್ಟುಗುಣ, ಸಹಜ ಪ್ರತಿಭೆ. ಅದು ಹಳೆಯ ಫ್ರೆಂಚಿನಲ್ಲಿ ‘ಆಂಜಾಂ’ ಆಗಿ, ಜಾಣ್ಮೆ, ಜಾಣ್ಮೆಯ ಉಪಾಯ, ಉಪಕರಣ ಎಂಬ ಅರ್ಥಗಳನ್ನು ತಾಳಿತು. ಇಂಗ್ಲಿಷಿನ ‘ಎಂಜಿನ್’ ಇದರಿಂದಲೇ ಬಂದದ್ದು. ಮೊದಲಕ್ಷರ ಉದುರಿ ‘ಜಿನ್’ ಆಯಿತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ಇದೇ ಶಬ್ದಕ್ಕೆ ಹಕ್ಕಿ ಹಿಡಿಯುವ ಉರುಳು ಎಂದರ್ಥ. ಲ್ಯಾಟಿನ್ನಿನ ಈ ಧಾತುವೂ ಸಂಸ್ಕೃತದ ‘ಜನ್’ ಧಾತುವೂ ಒಂದೇ ಮೂಲದವು. ಆದುದರಿಂದ ನಮ್ಮ ಜಿನ್ನಿಗೆ ನೆಂಟಸ್ತಿಕೆ ಇರುವುದು ಪಕ್ಕದ ಮನೆಯ ಗಿಂಜದೊಡನೆ ಅಲ್ಲ, ‘ಜನ್ಮ’ದೊಡನೆ! ಮದ್ಯದ ಜಿನ್ ಡಚ್ಚರ ‘ಯೆನೇವರ್’ನಿಂದ ಬಂದದ್ದು, ಅದು ಜೂನಿಪರ್ ಗಿಡದ ಹೆಸರು. ಅರಬ್ಬಿಯ ಜಿನ್ನಿಗೆ ಮರೆಯಾಗಿರುವುದು ಎಂಬರ್ಥದ ಧಾತು. ಜೈನರ ‘ಜಿನ’ನಂತೂ ಗೆದ್ದವನು. ಧ್ವನಿಸಾಮ್ಯವನ್ನು ನಂಬಿ ಹೊರಟರೆ ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕಾದೀತು.

ಜಿನ್ನಿನ ಜನಕ ಅಮೆರಿಕದ ವಿಟ್ನಿ ಎಂದು ಪಾಠ ಹೇಳುವುದೂ ಅರ್ಧಸತ್ಯ. ಅವನು 1794ರಲ್ಲಿ ಪೇಟೆಂಟ್ ಪಡೆದದ್ದು ಹಲ್ಲುಗಳಿರುವ ಯಂತ್ರಕ್ಕೆ. ಎರಡು ಉರುಳೆಗಳ ನಡುವೆ ಹತ್ತಿ ಹಾಯಿಸಿ ಬೀಜ ತೆಗೆಯುವ ಕೈಚರಕ ನಮ್ಮ ದೇಶದಲ್ಲಿ ಅದಕ್ಕಿಂತ ಎಷ್ಟೋ ಹಳೆಯದು. ಇಂದಿಗೂ ಭಾರತದಲ್ಲಿ ಹೆಚ್ಚಾಗಿ ನಡೆಯುವವು ಉರುಳೆಯ ಜಿನ್ನುಗಳೇ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ಹುಬ್ಬಳ್ಳಿಯ ಕಡೆ ‘ಹತ್ತಿ ಅರೆಯುವುದು’ ಎನ್ನುವುದುಂಟು. ಆದರೆ ನಮ್ಮ ಮಕ್ಕಳಿಗೆ ಅರೆಯುವುದೆಂದರೆ ಒರಳು, ಚಟ್ನಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಈ ತಾಲ್ಲೂಕಿನಲ್ಲಿ ಕನ್ನಡದ ಮಗುವಿಗೆ ಪುಸ್ತಕದ ಮಾತೂ ಮನೆಯ ಮಾತೂ ಮೊದಲೇ ದೂರ. ಅದಕ್ಕಾಗಿ ಈಗ ಹಲಗೆಯ ಮೇಲೆ ‘ಜಿನ್: ಹತ್ತಿಯ ಬೀಜ ತೆಗೆಯುವ ಯಂತ್ರ’ ಎಂದೇ ಬರೆಯುತ್ತೇನೆ. ಆ ಹುಡುಗನ ಅಂಕವನ್ನು ಮರಳಿ ಕೊಟ್ಟಾಗ ಅವನು ಆಗಲೇ ಮೇಲಿನ ತರಗತಿಗೆ ಹೋಗಿದ್ದ.