ಸಮಾರೋಪದ ಮರುವಾರ

ಕುಡಿತ ಬಿಡಲು ಜೊತೆ ಹುಡುಕುವವರಿಗೆ ಕರ್ನಾಟಕದಲ್ಲಿ ಎರಡು ದಾರಿಗಳು ಹೆಚ್ಚು ಪರಿಚಿತ. ಒಂದು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ. ಇನ್ನೊಂದು, 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿ, 1957ರಲ್ಲಿ ಭಾರತದಲ್ಲಿ ಬೇರುಬಿಟ್ಟ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ‘ಎಎ’. ಎರಡರ ಬಗ್ಗೆಯೂ ಹೊಗಳಿಕೆ ಬೇಕಾದಷ್ಟಿದೆ. ಬಿಟ್ಟವನು ಮತ್ತೆ ಕುಡಿದ ದಿನ ಇವು ಏನು ಮಾಡುತ್ತವೆ ಎಂಬ ಪ್ರಶ್ನೆ ಇಟ್ಟುಕೊಂಡು ತೂಗಿದವರು ಕಡಿಮೆ.

ಶಿಬಿರದ ಬಲವಿರುವುದು ಅದರ ಬಹಿರಂಗತೆಯಲ್ಲಿ. ಊರಿನ ಗಣ್ಯರದೇ ವ್ಯವಸ್ಥಾಪನಾ ಸಮಿತಿ, ಕಲ್ಯಾಣಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ವಾಸ್ತವ್ಯ, ಸಾಮಾನ್ಯವಾಗಿ ಎಂಟು ದಿನಗಳ ಯೋಗ, ಭಜನೆ, ಆಪ್ತಸಲಹೆ, ಆರೋಗ್ಯ ತಪಾಸಣೆ. ಹೆಂಡತಿ ಮಕ್ಕಳನ್ನೂ ಕರೆಸಿ ಕೂರಿಸುತ್ತಾರೆ. ನಗರದ ಖಾಸಗಿ ಕೇಂದ್ರದ ಬಿಲ್ ಕಟ್ಟಲಾಗದ ಕೂಲಿಕಾರನಿಗೆ ಕೈಗೆಟುಕುವ ಏರ್ಪಾಡು ಇದು. ಊರೆಲ್ಲ ನೋಡುತ್ತಿದೆ ಎಂಬ ಅರಿವು ಮೊದಲ ಕೆಲವು ತಿಂಗಳು ಅವನನ್ನು ಕಾಯುತ್ತದೆ.

ಆದರೆ ಅದೇ ಬಹಿರಂಗತೆ ಮುಂದೆ ಅವನಿಗೆ ಎದುರಾಗುತ್ತದೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು, ದೇವರ ಹೆಸರಿನಲ್ಲಿ ಸಂಕಲ್ಪ ಮಾಡಿದವನು ಯಾರದೋ ಮದುವೆಯಲ್ಲಿ ಒಂದು ನೈಂಟಿ ಹಾಕಿದ ಎನ್ನಿ. ಅವನೀಗ ಕುಡಿದವನಷ್ಟೇ ಅಲ್ಲ, ಮಾತು ತಪ್ಪಿದವನೂ ಹೌದು. ಶಿಬಿರ ಮುಗಿಸಿದವರು ನಿಯಮಿತವಾಗಿ ಸೇರಬೇಕಾದ ನವಜೀವನ ಸಮಿತಿಗೆ ಅವನು ಯಾವ ಮುಖ ಹೊತ್ತು ಹೋಗಬೇಕು? ಚಟವನ್ನು ಮರುಕಳಿಸುವ ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ. ಊರು ಅದನ್ನು ನಂಬಿಕೆದ್ರೋಹ ಎಂದು ಓದುತ್ತದೆ.

ಎಎ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. ಹೊರಗೆ ಹೆಸರು ಹೇಳುವಂತಿಲ್ಲ, ಶುಲ್ಕವಿಲ್ಲ, ಕುಡಿತ ನಿಲ್ಲಿಸುವ ಆಸೆಯೊಂದಿದ್ದರೆ ಸದಸ್ಯತ್ವ. ಮೀಟಿಂಗಿನ ಖರ್ಚನ್ನು ಸದಸ್ಯರೇ ಹಾಕಿಕೊಳ್ಳುತ್ತಾರೆ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಹೀಗಾಗಿ ಯಾವ ದಾನಿಗೂ, ಮುಖಂಡನಿಗೂ ಅಲ್ಲಿ ವೇದಿಕೆಯಿಲ್ಲ. ಜಾರಿದವನು ಮರಳಿ ಬಂದು ‘ಇವತ್ತು ಮೊದಲನೇ ದಿನ’ ಎಂದರೆ ಸಾಕು, ಲೆಕ್ಕ ಹೊಸದಾಗಿ ಶುರು. ರಾತ್ರಿ ಚಡಪಡಿಕೆ ಹುಟ್ಟಿದರೆ ಫೋನು ಮಾಡಲು ‘ಸ್ಪಾನ್ಸರ್’ ಎಂಬ ಹಳೆಯ ಸದಸ್ಯನಿರುತ್ತಾನೆ. ಇದು ಬರೀ ನಂಬಿಕೆಯ ಮಾತಲ್ಲ. 27 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಜನರನ್ನು ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆಯು ಸಂಪೂರ್ಣವಾಗಿ ಮದ್ಯ ಬಿಡಿಸುವಲ್ಲಿ ಇತರ ಚಿಕಿತ್ಸೆಗಳಿಗಿಂತ ಹೆಚ್ಚು ಪರಿಣಾಮಕಾರಿ. ವಿಳಾಸ ಕೊಟ್ಟು ಕಳಿಸಿದರೆ ಸಾಲದು, ಕೈಹಿಡಿದು ಒಪ್ಪಿಸಬೇಕು ಎಂಬುದೂ ಇದರಲ್ಲೇ ಅಡಗಿದೆ.

ಹಾಗೆಂದು ಎಎಗೆ ಪೂರ್ಣಾಂಕ ಕೊಡಲಾಗದು. ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ ಸುಲಭವಾಗಿ ಸಿಗುವ ಮೀಟಿಂಗು ಹೋಬಳಿಯವನಿಗೆ ಸಿಗುವುದಿಲ್ಲ. ಕೊನೆಯ ಬಸ್ಸು ಹೋದ ಮೇಲೆ ಮುಗಿಯುವ ಸಭೆ ಅವನ ಪಾಲಿಗೆ ಇದ್ದೂ ಇಲ್ಲದಂತೆ. ಚೇತರಿಕೆಗೆಂದು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರು ‘ನಾವು ಅರಿತಂತೆ’ ಎಂಬ ರಿಯಾಯಿತಿಯೊಂದಿಗೇ ಬಂದರೂ ನಾಸ್ತಿಕನಿಗೆ ಇರಿಸುಮುರಿಸು ತಪ್ಪದು. ಶಿಬಿರದ ಭಜನೆಯ ಬಗ್ಗೆ ಅನ್ಯಧರ್ಮೀಯನೂ ಇದೇ ಮಾತು ಹೇಳಬಹುದು. ಇನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಎರಡೂ ಕಡೆ ಕೊರತೆ. ಕುಡಿಯುವವನ ಹೆಂಡತಿಗೆ ಶಿಬಿರದಲ್ಲಿ ಕುರ್ಚಿಯಿದೆ, ‘ಅಲ್-ಅನಾನ್’ ಎಂಬ ಪ್ರತ್ಯೇಕ ಕೂಟವೂ ಇದೆ. ತಾನೇ ಕುಡಿತಕ್ಕೆ ಬಿದ್ದ ಹೆಂಗಸು ಮಾತ್ರ ಸಾಮಾನ್ಯವಾಗಿ ಗಂಡಸರೇ ತುಂಬಿದ ಕೋಣೆಯಲ್ಲಿ ಬಾಯಿಬಿಡಬೇಕು.

ಎರಡಕ್ಕೂ ಮೊದಲು ನೆನಪಿಡಬೇಕಾದ ಒಂದು ಮಾತಿದೆ. ದಿನಾ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರಿನಿಂದ ಹಿಡಿದು ಫಿಟ್ಸ್, ಎರಡು ಮೂರು ದಿನಗಳಲ್ಲಿ ಭ್ರಮೆ, ಕೆಲವೊಮ್ಮೆ ಸಾವೂ ಸಂಭವಿಸಬಹುದು. ಅಂಥವರು ಮೊದಲು ಹೋಗಬೇಕಾದದ್ದು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೋ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೋ. ದಾರಿ ತೋರಿಸಲು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಕೂಟ ಔಷಧಿಗೆ ಬದಲಿಯಲ್ಲ, ಔಷಧಿ ಮುಗಿದ ಮೇಲಿನ ವರ್ಷಗಳಿಗೆ ಆಸರೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಇಂಥ ಬರಗಾಲದಲ್ಲಿ ಇದೋ ಅದೋ ಎಂಬ ಜಗಳ ವ್ಯರ್ಥ. ಕೂಟ ಹುಡುಕುವವರು ಕೇಳಬೇಕಾದ ಪ್ರಶ್ನೆಗಳು ಸರಳ: ಮುಂದಿನ ಸಭೆ ಯಾವಾಗ? ನನ್ನ ಭಾಷೆಯಲ್ಲಿ ನಡೆಯುತ್ತದೆಯೆ? ಮುಗಿಸಿ ಮನೆಗೆ ಮರಳಲು ಬಸ್ಸಿದೆಯೆ? ನಡುವೆ ಕುಡಿದುಬಿಟ್ಟರೆ ಮತ್ತೆ ಬರಬಹುದೆ? ಕೊನೆಯ ಪ್ರಶ್ನೆಗೆ ಉಪದೇಶ ಉತ್ತರವಾಗಿ ಬಂದರೆ ಬೇರೆ ಕಡೆ ನೋಡುವುದು ಲೇಸು.

ಶಿಬಿರ ನಡೆಸುವವರು ಇದು ಎಷ್ಟನೆಯ ಶಿಬಿರವೆಂದು ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಾರೆ. ಎರಡು ವರ್ಷದ ಹಿಂದಿನ ಶಿಬಿರದ ನವಜೀವನ ಸಮಿತಿ ಈಗಲೂ ಸೇರುತ್ತಿದೆಯೆ, ಜಾರಿ ಬಿದ್ದವರಲ್ಲಿ ಎಷ್ಟು ಜನ ಅಲ್ಲಿಗೆ ಮರಳಿದರು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿ ಹಾಕಲಿ. ಆಗ ಶಿಬಿರಕ್ಕೆ ಎಎಯಿಂದ ಕಲಿಯಲು ಏನಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.