‘ಮನೆ ಮಾರಾಟಕ್ಕಿದೆ’: ಒಂದು ಗದ್ಯಪ್ರಕಾರದ ವಿಚಾರ

ಸಾಹಿತ್ಯವೆಂದು ಯಾರೂ ಕರೆಯದ, ಆದರೆ ಸಾಹಿತ್ಯಕ್ಕಿಂತ ಹೆಚ್ಚು ಎಚ್ಚರದಿಂದ ಜನ ಓದುವ ಬರಹವೊಂದು ನಮ್ಮ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದೆ. ಅದು ಮನೆ ಮಾರಾಟದ ಜಾಹೀರಾತು. ಕಾದಂಬರಿಯನ್ನು ಅರ್ಧಕ್ಕೆ ಮಡಿಸಿಟ್ಟು ಏಳುವ ವಾಚಕನೇ ಈ ನಾಲ್ಕು ಸಾಲನ್ನು ಮೂರು ಸಾರಿ ಓದುತ್ತಾನೆ. ಒಂದೊಂದು ಪದದ ಹಿಂದೆ ಏನು ಅಡಗಿದೆಯೆಂದು ಊಹಿಸುತ್ತಾನೆ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇನೆಂದು ತೂಗಿ ನೋಡುತ್ತಾನೆ. ಇಷ್ಟು ಶ್ರದ್ಧೆಯ ಸಹೃದಯರು ನಮ್ಮ ಕವಿಗಳಿಗೆ ದೊರೆತಿದ್ದರೆ ಅವರು ಧನ್ಯರಾಗುತ್ತಿದ್ದರು. ಕಾರಣವೇನೂ ಗೂಢವಲ್ಲ. ಕೊಳ್ಳುವವನು ಇಡೀ ಬಾಳಿನ ಗಳಿಕೆಯನ್ನೂ, ಮುಂದಿನ ಇಪ್ಪತ್ತು ವರ್ಷದ ಸಂಬಳವನ್ನೂ ಆ ನಾಲ್ಕು ಸಾಲನ್ನು ನಂಬಿ ಪಣಕ್ಕಿಡಲು ಹೊರಟಿರುತ್ತಾನೆ. ಮಾರುವವನು ಹುಟ್ಟು, ಸಾವು, ಮದುವೆಗಳನ್ನು ಕಂಡ ಗೋಡೆಗಳಿಗೆ ಬೆಲೆ ಕಟ್ಟಲು ಕುಳಿತಿರುತ್ತಾನೆ. ಇಷ್ಟೆಲ್ಲ ಭಾರವನ್ನು ಹೊರಬೇಕಾದ ಗದ್ಯ ಹೇಗಿರಬೇಕು, ಹೇಗಿದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಎಂದು ನನ್ನ ಎಣಿಕೆ.

ನಮ್ಮ ಕನ್ನಡ ಜಾಹೀರಾತಿನ ಮಾದರಿಯೊಂದನ್ನು ನೋಡೋಣ. ‘30x40 ನಿವೇಶನ, ಪೂರ್ವಾಭಿಮುಖ, 12 ಚದರದ ಮನೆ, ವಾಸ್ತು ಪ್ರಕಾರ, ಎ ಖಾತಾ, ಕಾವೇರಿ ಮತ್ತು ಬೋರ್‌ವೆಲ್ ನೀರು, ದಲ್ಲಾಳಿಗಳು ಬೇಡ.’ ಇದರಲ್ಲಿ ಕ್ರಿಯಾಪದವೆಂಬುದು ‘ಬೇಡ’ ಒಂದೇ. ಆದರೂ ಇದನ್ನು ನಾನು ಹಳಿಯಲಾರೆ. ಪದಕ್ಕಿಷ್ಟು ಸಾಲಿಗಿಷ್ಟು ಎಂದು ಹಣ ತೆತ್ತು ಬರೆಯುವವನಿಗೆ ಮಿತವ್ಯಯ ಸಹಜವಾದದ್ದು. ಅಲ್ಲದೆ ಇಲ್ಲಿನ ಪ್ರತಿಯೊಂದು ಮಾತನ್ನೂ ಹೋಗಿ ಪರೀಕ್ಷಿಸಬಹುದು: ಅಳತೆಗೆ ಟೇಪಿದೆ, ಖಾತೆಗೆ ಕಾಗದವಿದೆ, ನೀರಿಗೆ ನಲ್ಲಿಯಿದೆ. ತೊಡಕು ಹುಟ್ಟುವುದು ಬರೆಯುವವನು ಸ್ವಲ್ಪ ‘ಚೆನ್ನಾಗಿ’ ಬರೆಯಲು ಹೊರಟಾಗ. ಆಗ ಭವ್ಯ, ಸುಂದರ, ಐಷಾರಾಮಿ, ಕನಸಿನ ಮನೆ, ಪ್ರಶಾಂತ ವಾತಾವರಣ ಎಂಬ ವಿಶೇಷಣಗಳ ದಂಡು ಬಂದಿಳಿಯುತ್ತದೆ. ಪಳಗಿದ ವಾಚಕ ಇವನ್ನು ನಂಬುವುದಿಲ್ಲ, ಭಾಷಾಂತರಿಸಿಕೊಳ್ಳುತ್ತಾನೆ. ‘ಅಭಿವೃದ್ಧಿ ಹೊಂದುತ್ತಿರುವ ಬಡಾವಣೆ’ ಎಂದರೆ ರಸ್ತೆಗೆ ಇನ್ನೂ ಡಾಂಬರು ಬಿದ್ದಿಲ್ಲ. ‘ಪ್ರಶಾಂತ’ ಎಂದರೆ ಬಸ್ಸು ಬರುವುದಿಲ್ಲ. ‘ಹತ್ತಿರ’ ಎಂದರೆ ಸ್ವಂತ ವಾಹನ ಇದ್ದವರಿಗೆ ಹತ್ತಿರ. ಬರೆದವನು ಒಂದು ಹೇಳುವುದು, ಓದುವವನು ಇನ್ನೊಂದು ತಿಳಿಯುವುದು, ಇದು ಇಬ್ಬರಿಗೂ ಗೊತ್ತಿರುವುದು! ಭಾಷೆ ಹೀಗೆ ಸವೆದ ನಾಣ್ಯವಾದರೆ ನಿಜವಾಗಿಯೂ ಪ್ರಶಾಂತವಾದ ಮನೆಯುಳ್ಳವನು ಏನೆಂದು ಬರೆಯಬೇಕು?

ಇದಕ್ಕೆ ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಜಾಹೀರಾತನ್ನು ಕಿತ್ತು ಪಕ್ಕದ ಮನೆಯ ಗೋಡೆಗೆ ಅಂಟಿಸಿದರೆ ಅಲ್ಲಿಯೂ ಸಲ್ಲುತ್ತದೆಯೆ? ಸಲ್ಲುವುದಾದರೆ ಅದು ಈ ಮನೆಯ ಜಾಹೀರಾತಲ್ಲ.

ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ಬಹಳ ಹಿಂದೆಯೇ ಚರ್ಚಿಸಿದ್ದಾರೆ. ವಸ್ತು ಇದ್ದಂತೆ ಹೇಳುವುದನ್ನು ದಂಡಿ ಸ್ವಭಾವೋಕ್ತಿ ಅಥವಾ ಜಾತಿ ಎಂದು ಕರೆದು ಅದಕ್ಕೆ ಅಲಂಕಾರಗಳಲ್ಲಿ ಮೊದಲ ಮಣೆ ಹಾಕಿದನು. ಕುಂತಕನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವೇ ಅಲಂಕಾರವಾಗಿಬಿಟ್ಟರೆ ಅಲಂಕರಿಸಿಕೊಳ್ಳುವುದಕ್ಕೆ ಉಳಿಯುವುದೇನು ಎಂಬುದು ಅವನ ಆಕ್ಷೇಪ. ಕಾವ್ಯದಲ್ಲಿ ಯಾರು ಗೆದ್ದರೆಂದು ತೀರ್ಪು ಕೊಡುವುದು ನನ್ನ ಅಳವಲ್ಲ. ಮನೆಯ ಮಾರಾಟದಲ್ಲಿ ಮಾತ್ರ ನಾನು ದಂಡಿಯ ಪಕ್ಷ. ಇಲ್ಲಿ ಅತಿಶಯೋಕ್ತಿ ಎಲ್ಲರ ಸೊತ್ತು. ಸ್ವಭಾವೋಕ್ತಿ ಒಂದೊಂದು ಮನೆಗೆ ಒಂದೊಂದು.

ಈ ಪ್ರಕಾರದಲ್ಲಿ ಹೆಸರು ಮಾಡಿದ ಇಬ್ಬರು ಕೃತಿಕಾರರು ನಮ್ಮವರಲ್ಲ, ಲಂಡನ್ನಿನವರು. ಅವರನ್ನು ಇಲ್ಲಿ ಕರೆತರುವುದಕ್ಕೆ ಕಾರಣ, ಅತಿಶಯೋಕ್ತಿ ಸ್ವಭಾವೋಕ್ತಿಗಳ ಎರಡು ತುದಿಯಲ್ಲಿ ಇಬ್ಬರೂ ಚಿತ್ರಕ್ಕೆ ಕುಳಿತಂತೆ ಕುಳಿತಿದ್ದಾರೆ. ಮೊದಲನೆಯವನು ಜಾರ್ಜ್ ರಾಬಿನ್ಸ್. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಅತಿ ಪ್ರಸಿದ್ಧ ಹರಾಜುಗಾರ. ಹೊರೇಸ್ ವಾಲ್‌ಪೋಲನ ಸ್ಟ್ರಾಬೆರಿ ಹಿಲ್ ಎಂಬ ಮನೆಯ ಸಮಸ್ತ ಸಾಮಗ್ರಿಯನ್ನು 1842ರಲ್ಲಿ ಹರಾಜು ಹಾಕಿದವನು ಅವನೇ. ಅವನ ಪ್ರಕಟಣೆಗಳ ಹೂವಿನ ಭಾಷೆಯನ್ನು ಆ ಕಾಲದ ವಿನೋದಗಾರರು ಅಣಕಿಸಿ ತಣಿಯಲಿಲ್ಲ. ಒಂದು ತೋಟದ ಮನೆಯನ್ನು ವರ್ಣಿಸುತ್ತ, ಇದರಲ್ಲಿ ಎರಡೇ ಕುಂದುಗಳಿವೆ, ಉದುರಿದ ಗುಲಾಬಿ ಎಸಳುಗಳ ಕಸ ಹಾಗೂ ನೈಟಿಂಗೇಲ್ ಹಕ್ಕಿಗಳ ಗದ್ದಲ ಎಂದು ಅವನು ಬರೆದನೆಂಬ ಕಥೆ ಇಂದಿಗೂ ಹೇಳುವುದುಂಟು. ನಮ್ಮ ಲಕ್ಷಣಕಾರರು ಇದನ್ನು ಕಂಡಿದ್ದರೆ ತಕ್ಷಣ ವ್ಯಾಜಸ್ತುತಿ ಎಂದು ಚೀಟಿ ಹಚ್ಚುತ್ತಿದ್ದರು: ತೋರುವುದು ನಿಂದೆ, ಸಲ್ಲುವುದು ಸ್ತುತಿ. ಜಾಣತನವೇನೋ ನಿಜ. ಆದರೆ ಗುಲಾಬಿ ಎಸಳನ್ನು ಗುಡಿಸಿದ ಮೇಲೆ ಕೊಳ್ಳುವವನಿಗೆ ಮನೆಯ ಬಗ್ಗೆ ಏನು ತಿಳಿಯಿತು? ಹರಾಜುಗಾರನ ಬಾಯಿ ಚೆನ್ನಾಗಿದೆ ಎಂಬುದಷ್ಟೆ.

ಎರಡನೆಯವನು ರಾಯ್ ಬ್ರೂಕ್ಸ್. 1950ರ ಹಾಗೂ 60ರ ದಶಕಗಳಲ್ಲಿ ಲಂಡನ್ನಿನ ಭಾನುವಾರದ ಪತ್ರಿಕೆಗಳಲ್ಲಿ ಅವನು ಹಾಕುತ್ತಿದ್ದ ಮನೆ ಮಾರಾಟದ ಜಾಹೀರಾತುಗಳನ್ನು, ಮನೆ ಕೊಳ್ಳುವ ಯೋಚನೆಯೇ ಇಲ್ಲದವರು ಕೂಡ ಕಾದು ಓದುತ್ತಿದ್ದರು. ಅವು ಮುಂದೆ ಪುಸ್ತಕವಾಗಿಯೂ ಬಂದವು. ಒಂದರ ಹೆಸರು ‘ಬ್ರಾಥೆಲ್ ಇನ್ ಪಿಮ್ಲಿಕೊ’. ಆ ಶೀರ್ಷಿಕೆಗೆ ಕಾರಣವಾದ ಜಾಹೀರಾತು ಈ ಪ್ರಕಾರದ ಮೇರುಕೃತಿ ಎನ್ನಬಹುದು. ಹಿಂದೆ ಸೂಳೆಗೇರಿಯ ಮನೆಯಾಗಿದ್ದ ಕಟ್ಟಡವೊಂದನ್ನು ಮಾರಬೇಕಾಗಿತ್ತು. ಬ್ರೂಕ್ಸ್ ಮೊದಲು ಮನೆಯನ್ನು ವರ್ಣಿಸುವುದಿಲ್ಲ, ಬೇಕಾದ ಗಿರಾಕಿಯನ್ನು ವರ್ಣಿಸುತ್ತಾನೆ: ಅಭಿರುಚಿ ಇರಬೇಕು, ಹಣ ಇರಬೇಕು, ಅದರ ಜೊತೆಗೆ ವಾಕರಿಕೆ ಬಾರದ ಗಟ್ಟಿ ಹೊಟ್ಟೆ ಇರಬೇಕು. ಆಮೇಲೆ ಒಂದೊಂದಾಗಿ ಬರುತ್ತವೆ: ತೇವದ ನಾತ, ಕಳಚಿ ಬೀಳುವ ಗಾರೆ, ಛಾವಣಿಯ ತೂತಿನಿಂದ ಇಣುಕುವ ಹಗಲು, ಮೂಲೆಯಲ್ಲಿ ಯಾರೋ ಮಲಗೆದ್ದುಹೋದ ಚಿಂದಿ ಹಾಸಿಗೆ, ಸಿಗರೇಟಿನ ತುಂಡು, ಖಾಲಿ ಸೀಸೆ. ಕೊನೆಗೆ ಬೆಲೆ: 4,650 ಪೌಂಡು. ಅದರ ಬೆನ್ನಿಗೇ, ಇಂಥ ಮನೆಗಳು ಸಿಂಗರಿಸಿಕೊಂಡು ನಿಂತರೆ 15,000 ಪೌಂಡಿಗೆ ಹೋಗುತ್ತವೆ ಎಂಬ ಮಾತು.

ಇದು ರಾಬಿನ್ಸನ ವ್ಯಾಜಸ್ತುತಿಯಲ್ಲ. ಇಲ್ಲಿನ ಕುಂದುಗಳು ನಿಜವಾದ ಕುಂದುಗಳು. ಹಾಗಿದ್ದೂ ಜನ ಬಂದದ್ದು ಏಕೆ? ಬರಿಯ ತಮಾಷೆಗೆಂದರೆ ಪೂರ್ತಿ ಉತ್ತರವಾಗದು. ಒಬ್ಬನು ತನಗೆ ನಷ್ಟವಾಗಬಹುದಾದ ಮಾತನ್ನು ತಾನಾಗಿಯೇ ಹೇಳಿದಾಗ, ಅವನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆ. ಛಾವಣಿ ತೂತೆಂದವನು ‘ಗೋಡೆ ಗಟ್ಟಿ’ ಎಂದರೆ ಗೋಡೆ ಗಟ್ಟಿಯೇ ಇರಬೇಕು. ಹತ್ತು ವಿಶೇಷಣ ಸಂಪಾದಿಸಲಾರದ ವಿಶ್ವಾಸವನ್ನು ಒಂದು ದೋಷ ಸಂಪಾದಿಸಿಕೊಡುತ್ತದೆ. ಇನ್ನೊಂದು ಗುಣ ವಿವರಗಳ ಆಯ್ಕೆ. ಖಾಲಿ ಸೀಸೆ ಬಿದ್ದ ಆ ಮೂಲೆಯನ್ನು ಪಕ್ಕದ ಮನೆಗೆ ಅಂಟಿಸಲು ಬರುವುದಿಲ್ಲ.

ಆದರೂ ಬ್ರೂಕ್ಸನನ್ನು ಸತ್ಯಹರಿಶ್ಚಂದ್ರನ ಪೀಠದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಆ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. 4,650 ಎಲ್ಲಿ, 15,000 ಎಲ್ಲಿ! ನಾತ, ಗಾರೆ, ತೂತುಗಳೆಲ್ಲ ಆ ಅಂತರಕ್ಕೆ ಕೊಟ್ಟ ಕಾರಣಗಳು. ಹಳೆಯ ಮನೆಗಳನ್ನು ಅಗ್ಗಕ್ಕೆ ಕೊಂಡು ದುರಸ್ತಿ ಮಾಡುವ ಉಳ್ಳವರಿಗೆ ಅಲ್ಲಿ ಕುಂದೇ ಆಕರ್ಷಣೆಯಾಗಿತ್ತು. ಸತ್ಯ ಲಾಭವನ್ನು ತರುವ ಜಾಗದಲ್ಲಿ ಅವನು ಸತ್ಯ ಹೇಳಿದ. ಇದಕ್ಕಿಂತ ಮುಖ್ಯವಾದ ಮಾತು, ಅವನು ಮಧ್ಯಸ್ಥಗಾರ, ಮನೆಯ ಯಜಮಾನನಲ್ಲ. ಪರರ ಮನೆಯನ್ನು ಬೈಯುವುದು ಸುಲಭ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದಿರುವಾಗ, ತನ್ನ ತಂದೆ ಕಟ್ಟಿಸಿದ ಮನೆಯ ಗೋಡೆ ತೇವವೆಂದು ಬರೆಯಲು ಮಗನ ಕೈ ಏಳಬೇಕಾದರೆ ಅದು ಬೇರೆಯೇ ಬಗೆಯ ಪ್ರಾಮಾಣಿಕತೆ. ಅದಕ್ಕೆ ವಿನೋದ ಸಾಲದು.

ಆ ಪ್ರಾಮಾಣಿಕತೆಗೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಭೂಮಿಯನ್ನೂ ಮನೆಯನ್ನೂ ಇದ್ದಂತೆ ವರ್ಣಿಸುವ ಗದ್ಯ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ನಮ್ಮ ದಾನಶಾಸನಗಳನ್ನು ತೆಗೆದು ನೋಡಿ. ರಾಜನ ಬಿರುದಾವಳಿಯ ಭಾಗದಲ್ಲಿ ಅತಿಶಯೋಕ್ತಿಯ ಮಹಾಪೂರ. ಗದ್ದೆಯ ಎಲ್ಲೆ ಹೇಳುವ ಭಾಗ ಬಂದೊಡನೆ ಭಾಷೆ ನೆಲಕ್ಕಿಳಿಯುತ್ತದೆ. ಮೂಡಲಿಗೆ ಏನು, ತೆಂಕಲಿಗೆ ಏನು, ಯಾವ ಕೆರೆ, ಯಾವ ಕಲ್ಲು, ಯಾವ ಮರ, ಯಾವ ಹುತ್ತ. ಒಂದೇ ಶಾಸನ, ಒಬ್ಬನೇ ಲಿಪಿಕಾರ, ಎರಡು ಶೈಲಿ! ರಾಜನನ್ನು ಇಂದ್ರನೆಂದರೆ ಯಾರೂ ವ್ಯಾಜ್ಯ ಹೂಡುವುದಿಲ್ಲ. ಹುತ್ತವನ್ನು ಹತ್ತು ಮಾರು ಆಚೆ ಸರಿಸಿದರೆ ಮಾತ್ರ ಪಕ್ಕದ ಹೊಲದವನು ಸುಮ್ಮನಿರುವುದಿಲ್ಲ. ಆ ಸಂಪ್ರದಾಯ ಇಂದಿಗೂ ಕ್ರಯಪತ್ರದ ಚಕ್ಕುಬಂದಿಯಲ್ಲಿ ಉಸಿರಾಡುತ್ತಿದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ನಿವೇಶನ ಎಂಬ ಆ ಒಣ ಸಾಲುಗಳನ್ನು ಪಕ್ಕದ ಮನೆಗೆ ಅಂಟಿಸಲು ಯಾವ ಜಾಣನಿಂದಲೂ ಸಾಧ್ಯವಿಲ್ಲ. ಪತ್ರಬರಹಗಾರನಿಗೆ ತಿಳಿದ ಈ ಗುಟ್ಟು ಜಾಹೀರಾತು ಬರೆಯುವವನಿಗೆ ತಿಳಿದಿಲ್ಲ.

ಶಾಸನದ ಕೊನೆಯಲ್ಲಿ ಶಾಪಾಶಯವೊಂದಿರುತ್ತದೆ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ. ನಮ್ಮ ಕಾಲದ ಶಾಪಾಶಯವನ್ನು ಸಂಸತ್ತು ಬರೆದಿದೆ. ‘ರೇರಾ’ ಎಂದು ಜನ ಕರೆಯುವ 2016ರ ಕಾಯಿದೆಯ 12ನೆಯ ಕಲಮು, ನಿರ್ಮಾಣಗಾರನ ಜಾಹೀರಾತಿನ ಸುಳ್ಳನ್ನು ನಂಬಿ ಮುಂಗಡ ಕೊಟ್ಟು ನಷ್ಟವಾದವನಿಗೆ ಪರಿಹಾರ ಕೊಡಬೇಕೆನ್ನುತ್ತದೆ. ಅವನು ಹಿಂದೆ ಸರಿಯಬಯಸಿದರೆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆನ್ನುತ್ತದೆ. ವಿಶೇಷಣಕ್ಕೆ ಬಡ್ಡಿ ಕಟ್ಟಬೇಕಾದ ಕಾಲ ಬಂತೆಂದು ಭಾಷೆಯ ಮೇಷ್ಟರಾದ ನನಗೆ ಸಂತೋಷವೇ. ತಾನು ವಾಸವಿದ್ದ ಹಳೆಯ ಮನೆಯನ್ನು ಮಾರುವ ಗೃಹಸ್ಥನಿಗೆ ಈ ಕಲಮು ತಾಕದು. ಆದರೆ ಅವನಿಗೆ ಅದಕ್ಕಿಂತ ಹಳೆಯದೊಂದಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮುಖ್ಯ ದೋಷವನ್ನು ಮಾರುವವನು ತಿಳಿದಿದ್ದರೆ ಹೇಳಲೇಬೇಕು. ಹೇಗೂ ಹೇಳಬೇಕಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿದ್ದು ಬ್ರೂಕ್ಸನ ಪ್ರತಿಭೆ.

ಬೆಂಗಳೂರಿನ ಖಾಲಿ ನಿವೇಶನಗಳ ಕಾಂಪೌಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಇನ್ನೊಂದು ಪ್ರಕಟಣೆಯನ್ನು ನೀವು ಕಂಡಿರಬಹುದು: ‘ಈ ಸ್ವತ್ತು ಮಾರಾಟಕ್ಕಿಲ್ಲ.’ ಸುಳ್ಳು ಕಾಗದ ಸೃಷ್ಟಿಸಿ ಪರರ ಸ್ವತ್ತು ಮಾರುವವರಿಗೆ ಹೆದರಿ ಯಜಮಾನರು ಬರೆಸಿದ ಮಾತದು. ಮೂರೇ ಪದ, ಒಂದು ವಿಶೇಷಣವೂ ಇಲ್ಲ. ಜನ ಅದನ್ನು ನೋಡಿದ ಕೂಡಲೇ ನಂಬುತ್ತಾರೆ. ಮಾರಾಟಕ್ಕಿದೆ ಎಂದರೆ ಅನುಮಾನ, ಇಲ್ಲ ಎಂದರೆ ನಂಬಿಕೆ. ನಮ್ಮ ಮಾತಿನ ಸ್ಥಿತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪದಗಳು ಬಾಗಿಲನ್ನು ತೆರೆಯುವಂತೆ ಮುಚ್ಚಲೂ ಬಲ್ಲವು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬುದು ಅಡುಗೆಯ ಮಾತಿನಂತೆ ಕಂಡರೂ, ಯಾರು ಬರಬಾರದೆಂದು ಅದು ಹೇಳುತ್ತಿದೆಯೆಂಬುದು ಬರಬಾರದವರಿಗೆ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಜನಾಂಗ, ಮತಗಳ ಹೆಸರಿನಲ್ಲಿ ಹೀಗೆ ಸೋಸುವ ಮನೆ ಜಾಹೀರಾತುಗಳನ್ನು 1968ರ ಕಾಯಿದೆ ನಿಷೇಧಿಸಿತು. ಮನೆಯ ದೋಷವನ್ನು ಮುಚ್ಚಿಡುವ ಜಾಹೀರಾತಿಗಿಂತ ಯಜಮಾನನ ದೋಷವನ್ನು ಸಭ್ಯತೆಯಲ್ಲಿ ಸುತ್ತಿಕೊಡುವ ಜಾಹೀರಾತು ಕೀಳು.

ಸ್ವಭಾವೋಕ್ತಿಯನ್ನು ಪಾಠ ಮಾಡುವಾಗ ಒಮ್ಮೆ ನಮ್ಮ ಬಿ.ಎ. ತರಗತಿಯ ಮಕ್ಕಳಿಗೆ, ನೀವಿರುವ ಮನೆಯನ್ನು ಮಾರಬೇಕಾಗಿದೆಯೆಂದು ಭಾವಿಸಿ ಮೂವತ್ತು ಪದದ ಜಾಹೀರಾತು ಬರೆಯಿರಿ ಎಂದೆ. ಹೆಚ್ಚಿನವರು ‘ಸುಂದರ’, ‘ಸುಸಜ್ಜಿತ’ಗಳಲ್ಲೇ ಮುಗಿಸಿದರು. ಒಬ್ಬ ಹುಡುಗಿ ಬರೆದಿದ್ದಳು: ಎರಡು ಕೋಣೆಯ ಹೆಂಚಿನ ಮನೆ, ಹಿತ್ತಿಲಲ್ಲಿ ಮೂರು ಗಂಟೆಯವರೆಗೂ ಹಪ್ಪಳ ಒಣಗಿಸುವ ಬಿಸಿಲು, ನಲ್ಲಿಯ ನೀರು ದಿನ ಬಿಟ್ಟು ದಿನ, ಬಾವಿ ಮಾತ್ರ ಬೇಸಗೆಯಲ್ಲೂ ಬತ್ತಿಲ್ಲ, ಮಳೆಗಾಲದಲ್ಲಿ ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆ ಒದ್ದೆ. ತರಗತಿ ನಕ್ಕಿತು. “ಇದನ್ನು ಯಾರು ಕೊಳ್ಳುತ್ತಾರೆ ಸಾರ್?” ಎಂದನೊಬ್ಬ. “ಕೊಳ್ಳುವುದು ಆಮೇಲೆ. ಇವುಗಳಲ್ಲಿ ಯಾವ ಮನೆಯನ್ನು ಹೋಗಿ ನೋಡಿಬರುತ್ತೀಯೆ, ಹೇಳು” ಎಂದೆ. ಅವನು ಆ ಹುಡುಗಿಯ ಕಡೆ ಕೈ ತೋರಿಸಿದ.

ಜಾಹೀರಾತಿನ ಕೆಲಸ ಅಷ್ಟೇ. ಅದು ಮನೆಯನ್ನು ಮಾರುವುದಿಲ್ಲ. ಸರಿಯಾದ ಮನುಷ್ಯನನ್ನು ಬಾಗಿಲವರೆಗೆ ಕರೆತರುತ್ತದೆ. ಸುಳ್ಳು ಹೇಳಿ ಕರೆತಂದವನು ಹೊಸ್ತಿಲಲ್ಲೇ ಹಿಂದಿರುಗುತ್ತಾನೆ. ಎರಡು ಕಡೆಯವರಿಗೂ ಒಂದು ಭಾನುವಾರ ನಷ್ಟ. ಇಂದು ಅಗಲ ಕಣ್ಣಿನ ಕ್ಯಾಮೆರಾ ಹತ್ತಡಿಯ ಕೋಣೆಯನ್ನು ಸಭಾಂಗಣ ಮಾಡಿ ತೋರಿಸಬಲ್ಲುದು. ಅಲ್ಲಿಯೂ ಕಥೆ ಇದೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ನಮ್ಮ ಹಿರಿಯರು, ಮನೆಯ ವಿಷಯದಲ್ಲಿ ಕಟ್ಟಿ ನೋಡು ಎಂದಷ್ಟೇ ಹೇಳಿದರು. ಸುಳ್ಳಿಗೆ ಅಪ್ಪಣೆ ಕೊಡಲಿಲ್ಲ. ಹೊಸ ಬಗೆಯಲ್ಲಿ ಜಾಹೀರಾತು ಬರೆಯಬೇಕೆಂದು ಕಲ್ಪನೆಯನ್ನು ಕೆರೆದುಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಲೇಖನಿ ಹಿಡಿಯುವ ಮೊದಲು ಒಂದು ದಿನ ನಿಮ್ಮ ಮನೆಯನ್ನು ಸುತ್ತಿ ನೋಡಿ. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ಜಿನುಗುತ್ತದೆ, ಸಂಜೆ ಎಲ್ಲರೂ ಎಲ್ಲಿ ಕೂರುತ್ತೀರಿ. ಅದನ್ನು ಬರೆಯಿರಿ. ಆ ಮನೆಯ ಬಗ್ಗೆ ಬೇರೆ ಯಾರೂ ಬರೆಯಲಾರದ ವಾಕ್ಯ ಅದು.