ಶಿಶುನಾಳ ಶರೀಫರ ಗುರುಭಕ್ತಿಯ ಮೂಲ: ಒಂದು ವಿಮರ್ಶೆ

ಶಿಶುನಾಳ ಶರೀಫ ಸಾಹೇಬರ (೧೮೧೯–೧೮೮೯) ತತ್ತ್ವಪದಗಳು ಅವರ ಹುಟ್ಟೂರಿನ ಎಲ್ಲೆಯನ್ನು ದಾಟಿ ಉತ್ತರಕ್ಕೆ ನೇಸರಗಿ, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯ ಭಜನಾಮೇಳಗಳವರೆಗೂ ಹಬ್ಬಿರುವುದು ಸರ್ವವಿದಿತವಾದ ಸಂಗತಿ. ಆ ಪದಗಳಲ್ಲಿ ಮತ್ತೆ ಮತ್ತೆ ಬರುವ ಗೋವಿಂದಗುರುವು ಕಳಸದ ಗೋವಿಂದಭಟ್ಟರೆಂಬುದರಲ್ಲಿ ವಿವಾದವಿಲ್ಲ. ವಿವಾದಕ್ಕೆ ಎಡೆಯಿರುವುದು ಆ ಗುರುಭಕ್ತಿಯ ಮೂಲದ ವಿಷಯದಲ್ಲಿ.

ಪೂರ್ವಪಕ್ಷವು ಹೀಗಿದೆ: ಗುರುಭಕ್ತಿಯೆಂಬುದು ಉಪನಿಷತ್ತುಗಳಿಂದಲೂ ಶರಣರ ವಚನಗಳಿಂದಲೂ ಬಂದ ಸೊತ್ತು, ದೇವರೊಬ್ಬನ ಹೊರತು ಮತ್ತಾರನ್ನೂ ಪೂಜಿಸಲೊಲ್ಲದ ಇಸ್ಲಾಮಿನಲ್ಲಿ ಅದಕ್ಕೆ ಸ್ಥಳವಿಲ್ಲ, ಆದುದರಿಂದ ಶರೀಫರು ಗುರುವಿಗೆ ತಲೆಬಾಗಿದುದು ತಮ್ಮ ಕುಲಧರ್ಮವನ್ನು ತೊರೆದ ಮೇಲೆಯೇ. ಕೇಳುವುದಕ್ಕೆ ಈ ವಾದವು ಹಿತವಾಗಿದ್ದರೂ ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ.

ಮೊದಲನೆಯದಾಗಿ, ಆರಾಧನೆ ಬೇರೆ, ಆದರ ಬೇರೆ. ಇಸ್ಲಾಮಿನಲ್ಲಿ ಆರಾಧನೆಯು ಪರಮಾತ್ಮನೊಬ್ಬನಿಗೇ ಸಲ್ಲತಕ್ಕದ್ದು. ಆದರವಾದರೋ ತಾಯಿತಂದೆಗಳಿಗೂ ಹಿರಿಯರಿಗೂ ವಿದ್ಯಾವಂತರಿಗೂ ಸಲ್ಲಲೇಬೇಕಾದ ಋಣ. ಈ ಎರಡನೆಯದಕ್ಕೆ ಅರಬ್ಬೀ ಶಾಸ್ತ್ರಕಾರರು ಅದಬ್ ಎಂದು ಹೆಸರಿಟ್ಟಿರುವರು. ವಿದ್ಯೆಯುಳ್ಳವರನ್ನು ದೇವರು ಮೇಲಿನ ಪದವಿಗಳಿಗೇರಿಸುವನೆಂಬ ಅಭಿಪ್ರಾಯವು ಕುರಾನಿನಲ್ಲಿಯೇ ಉಂಟು. ಮಹಾಪ್ರವಾದಿಯಾದ ಮೂಸಾ ಕೂಡ ಜ್ಞಾನವನ್ನರಸಿ ಒಬ್ಬ ದೇವಸೇವಕನ ಬೆನ್ನುಹತ್ತಿ, ತನ್ನನ್ನು ಶಿಷ್ಯನನ್ನಾಗಿ ಸ್ವೀಕರಿಸಬೇಕೆಂದು ವಿನಯದಿಂದ ಬೇಡಿಕೊಂಡ ಕಥೆಯೂ ಅಲ್ಲಿಯೇ ಇದೆ. ವಿದ್ವಾಂಸರು ಪ್ರವಾದಿಗಳ ವಾರಸುದಾರರೆಂದೂ, ಪ್ರವಾದಿಗಳು ಬಿಟ್ಟುಹೋಗುವ ಆಸ್ತಿಯು ಹೊನ್ನುಬೆಳ್ಳಿಯಲ್ಲ, ವಿದ್ಯೆಯೇ ಎಂದೂ ಹದೀಸು ಸಾರುವುದು. ಆದುದರಿಂದ ಗುರುವಿಗೆ ಸಲ್ಲುವ ಗೌರವವು ಅವನ ದೇಹಕ್ಕಾಗಲಿ ಕುಲಕ್ಕಾಗಲಿ ಸಲ್ಲುವುದಲ್ಲ. ಅವನು ಹೊತ್ತು ತಂದ ಆ ಆಸ್ತಿಗೆ ಸಲ್ಲುವುದು.

ಎರಡನೆಯದಾಗಿ, ಈ ಆದರವು ಕಣ್ಣುಮುಚ್ಚಿ ನಡೆಯತಕ್ಕದ್ದಲ್ಲ. ೧೧೧೧ರಲ್ಲಿ ದಿವಂಗತರಾದ ಇಮಾಮ ಗಜಾಲಿಯವರು ತಮ್ಮ ‘ಇಹಿಯಾ ಉಲೂಮುದ್ದೀನ್’ ಎಂಬ ಮಹಾಗ್ರಂಥದ ಮೊದಲನೆಯ ಭಾಗವನ್ನು ವಿದ್ಯೆಯ ವಿಚಾರಕ್ಕೇ ಮೀಸಲಿಟ್ಟಿರುವರು. ರೋಗಿಯು ಬಲ್ಲ ವೈದ್ಯನಿಗೆ ತನ್ನನ್ನು ಒಪ್ಪಿಸಿಕೊಳ್ಳುವಂತೆ ಶಿಷ್ಯನು ಗುರುವಿಗೆ ಒಪ್ಪಿಸಿಕೊಳ್ಳಬೇಕೆಂದು ಹೇಳಿದ ಆ ಲೇಖನಿಯೇ ಗುರುವಿನ ಧರ್ಮಗಳನ್ನೂ ಎಣಿಸಿದೆ: ಶಿಷ್ಯರನ್ನು ಮಕ್ಕಳಂತೆ ಕಾಣಬೇಕು, ಪ್ರತಿಫಲವನ್ನು ಬಯಸಬಾರದು, ನುಡಿದಂತೆ ನಡೆಯಬೇಕು. ವಿದ್ಯೆಯನ್ನು ಮಾರಿಕೊಂಡು ಅರಸರ ಬಾಗಿಲು ಕಾಯುವ ಪಂಡಿತರನ್ನು ಗಜಾಲಿಯವರಷ್ಟು ಕಠೋರವಾಗಿ ಖಂಡಿಸಿದವರು ವಿರಳ. ಇನ್ನು ೭೬೭ರಲ್ಲಿ ಗತಿಸಿದ ಇಮಾಮ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ ಮತ್ತು ಮುಹಮ್ಮದ ಶೈಬಾನೀ ಇವರೀರ್ವರೂ ಎಷ್ಟೋ ನಿರ್ಣಯಗಳಲ್ಲಿ ಗುರುವಿನಿಂದ ಭಿನ್ನವಾದ ಮತವನ್ನು ತಳೆದರು. ಆ ಪಂಥದವರು ಮೂವರ ಮತಗಳನ್ನೂ ಒಟ್ಟಿಗೆ ಬರೆದಿಟ್ಟು ಮೂವರನ್ನೂ ಪೂಜ್ಯರೆಂದೇ ತಿಳಿದರು. ಪಾಣಿನಿಯ ಸೂತ್ರಗಳಲ್ಲಿ ಹೇಳದೆ ಬಿಟ್ಟುದನ್ನೂ ಸರಿಯಾಗಿ ಹೇಳದಿದ್ದುದನ್ನೂ ಕಾತ್ಯಾಯನರು ಎತ್ತಿ ತೋರಿದ ಮಾತ್ರಕ್ಕೆ ಸೂತ್ರಕಾರರ ಮಹಿಮೆಗೆ ಕುಂದು ಬಾರದಿದ್ದುದನ್ನು ಬಲ್ಲವರಿಗೆ ಇದು ಅಪರಿಚಿತವಾದ ನಡೆಯಲ್ಲ. ಪ್ರಶ್ನೆಯು ಆದರದ ಶತ್ರುವಲ್ಲ, ಅಂಗವೇ ಆಗಿದೆ.

ಈ ಸಂಪ್ರದಾಯವು ಕನ್ನಡನಾಡಿಗೆ ಶರೀಫರ ಕಾಲದಲ್ಲಿ ಹೊಸದಾಗಿ ಬಂದುದೂ ಅಲ್ಲ. ೧೪೨೨ರಲ್ಲಿ ಕಲಬುರ್ಗಿಯಲ್ಲಿ ದೇಹವಿಟ್ಟ ಖಾಜಾ ಬಂದೇನವಾಜರು ದಿಲ್ಲಿಯ ನಾಸಿರುದ್ದೀನ ಚಿರಾಗರ ಶಿಷ್ಯರು. ಗುರುವಿನ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಅವರ ಉದ್ದಗೂದಲು ಅದಕ್ಕೆ ಸಿಕ್ಕಿಕೊಳ್ಳಲು, ಬಿಡಿಸಿಕೊಳ್ಳ ಹೋದರೆ ಗುರುವಿಗೆ ತೊಂದರೆಯಾದೀತೆಂದು ನೋವನ್ನು ಸಹಿಸಿ ನಡೆದರೆಂದೂ, ಗೇಸೂದರಾಜ, ಎಂದರೆ ನೀಳಗೂದಲಿನವ, ಎಂಬ ಹೆಸರು ಅದರಿಂದ ಬಂದಿತೆಂದೂ ಐತಿಹ್ಯವಿದೆ. ವಿಜಾಪುರದ ಎರಡನೆಯ ಇಬ್ರಾಹೀಮ ಆದಿಲಶಹನು (ಆಳಿಕೆ ೧೫೮೦–೧೬೨೭) ತನ್ನ ‘ಕಿತಾಬೇ ನವರಸ’ದಲ್ಲಿ ಸರಸ್ವತೀಗಣಪತಿಗಳೊಡನೆ ಈ ಖಾಜಾರನ್ನೂ ಸ್ತುತಿಸಿರುವನು. ಎಂದಮೇಲೆ ಶರೀಫರಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆಯೇ ಈ ನೆಲದಲ್ಲಿ ಮುಸಲ್ಮಾನರ ಗುರುಭಕ್ತಿಯು ಬೇರೂರಿತ್ತು.

ಶರೀಫರ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ತಂದೆ ಇಮಾಮ ಸಾಹೇಬರು ಹುಲಗೂರಿನ ಹಜರೇಶಾ ಖಾದ್ರಿಯವರಲ್ಲಿ ಭಕ್ತಿಯುಳ್ಳವರು. ಮಗನನ್ನು ಗೋವಿಂದಭಟ್ಟರ ಬಳಿಗೆ ಕರೆತಂದವರೂ ಅವರೇ ಎಂದು ಹೇಳುವರು. ನಿನ್ನ ತಂದೆ ಯಾರೆಂದು ಭಟ್ಟರು ಕೇಳಲು, ನಿಮ್ಮ ತಂದೆಯೇ ನನ್ನ ತಂದೆಯೆಂದು ಹುಡುಗನು ಉತ್ತರವಿತ್ತನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಲೋಕರೂಢಿಯಂತೆ ನೋಡಿದರೆ ಇದು ಉದ್ಧಟತನ. ಗುರುವು ಮೆಚ್ಚಿದುದಾದರೋ ಅದನ್ನೇ. ಮೌನವೇ ವಿನಯವೆಂದು ಈ ಗುರುಶಿಷ್ಯರು ತಿಳಿದಿರಲಿಲ್ಲ. ಸೃಷ್ಟಿಕರ್ತನೊಬ್ಬನೇ ಎಂಬ ಮಾತನ್ನು ಇಸ್ಲಾಮಿನ ಮನೆಯಿಂದಲೇ ತಂದು ಹುಡುಗನು ಗುರುವಿನ ಮುಂದಿಟ್ಟನೆಂದು ಗ್ರಹಿಸುವುದಕ್ಕೂ ಅಡ್ಡಿಯಿಲ್ಲ.

ಹಾಗಾದರೆ ಪೂರ್ವಪಕ್ಷದಲ್ಲಿ ಹುರುಳೇ ಇಲ್ಲವೆ? ಉಂಟು. ಗುರುವನ್ನೂ ದೇವರನ್ನೂ ಅಭೇದವಾಗಿ ಕಾಣುವ ನುಡಿಯು ಅದ್ವೈತ ಹಾಗೂ ಶರಣ ಪರಂಪರೆಗಳಿಂದ ಬಂದುದು. ಸೂಫಿಗಳು ಗುರುವಿನಲ್ಲಿ ಲಯವಾಗುವ ಮಾತನ್ನಾಡುವರಾದರೂ, ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಆ ಅಭೇದವನ್ನು ಒಪ್ಪಲಾರರು. ಅಲ್ಲದೆ ಅವರ ಆದರಗ್ರಂಥಗಳು ವಿಧಿಸುವುದು ತಮ್ಮ ಧರ್ಮದ ವಿದ್ವಾಂಸರ ಗೌರವವನ್ನು. ಆ ಗೌರವವನ್ನು ಶರೀಫರು ಒಬ್ಬ ಬ್ರಾಹ್ಮಣನೆಡೆಗೆ ತಿರುಗಿಸಿದರು. ಅವರ ಸ್ವೋಪಜ್ಞತೆಯಿರುವುದು ಭಕ್ತಿಯಲ್ಲಲ್ಲ, ಅದನ್ನು ತಿರುಗಿಸಿದ ದಿಕ್ಕಿನಲ್ಲಿ. ವಿದ್ಯೆಗೆ ಮಣಿಯಬೇಕೆಂಬುದನ್ನು ಮನೆಯಲ್ಲಿ ಕಲಿತು, ಆ ವಿದ್ಯೆಯು ಎಲ್ಲಿ ಕಂಡಿತೋ ಅಲ್ಲಿ ಅವರು ಮಣಿದರು.

ಇದರಿಂದ ಫಲಿಸುವುದೇನೆಂದರೆ, ಶರೀಫರ ಪದಗಳಿಗೆ ಟೀಕೆಯನ್ನು ಬರೆಯುವವರು ಷಟ್‌ಸ್ಥಲ, ಷಟ್‌ಚಕ್ರಗಳಿಗೆ ಪುಟಗಟ್ಟಲೆ ವಿವರಣೆಯನ್ನಿತ್ತು, ಅವರ ಮೊಹರಮಿನ ಪದಗಳನ್ನೂ ಅವುಗಳ ಅರಬ್ಬೀ ಫಾರಸೀ ಪರಿಭಾಷೆಯನ್ನೂ ಒಂದು ಸಾಲಿನಲ್ಲಿ ಮುಗಿಸುವುದು ಯುಕ್ತವಲ್ಲ. ಪಂಡಿತನು ಆ ಭಾಗಕ್ಕೆ ಮೌಲವಿಯ ನೆರವನ್ನು ಪಡೆದರೆ ಪಾಂಡಿತ್ಯಕ್ಕೆ ಕೊರತೆಯಾಗದು. ಕಳಸದ ಭಟ್ಟರಲ್ಲಿಗೆ ಮಗನನ್ನು ಕರೆದೊಯ್ದ ಇಮಾಮ ಸಾಹೇಬರು ಪರಧರ್ಮದ ವಿದ್ವಾಂಸನಿಗೆ ತೋರಿದ ಆದರವನ್ನು ಅವರ ಧರ್ಮದ ವಿದ್ವಾಂಸರಿಗೆ ತೋರದೆ, ಆ ಮಗನ ಪದಗಳಿಗೆ ಅರ್ಥ ಹೇಳಹೋಗುವುದು ಅರ್ಧವ್ಯಾಖ್ಯಾನವೇ ಸರಿ.